ಹಿಂಗಾರಿನ ದಾರಿ: ಇಟಗಿಯಿಂದ ಆನೆಗೊಂದಿಗೆ

ಎಲ್ಲರಿಗೂ ನಮಸ್ಕಾರ.

ಕೊಪ್ಪಳ ಜಿಲ್ಲೆಗೆ ಬರುವವರಲ್ಲಿ ಹೆಚ್ಚಿನವರು ಅಂಜನಾದ್ರಿ ಹತ್ತುತ್ತಾರೆ, ಹುಲಿಗಿಯಲ್ಲಿ ಹುಲಿಗೆಮ್ಮನಿಗೆ ಕೈ ಮುಗಿಯುತ್ತಾರೆ, ಹೊಳೆ ದಾಟಿ ಹಂಪಿಗೆ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಈ ಊರುಗಳ ನಡುವಿನ ದಾರಿಯನ್ನು ನೋಡುವವರು ಕಡಿಮೆ. ಕಾರಿನ ಗಾಜು ಏರಿಸುತ್ತೇವೆ, ಮುಂದಿನ ಗುಡಿ ಎಷ್ಟು ದೂರ ಅಂತ ಫೋನು ನೋಡುತ್ತೇವೆ, ಹೋಗಿಬಿಡುತ್ತೇವೆ. ನಾನು ಇವತ್ತು ಆ ದಾರಿಯ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ದಸರಾದಲ್ಲಿ ಬನ್ನಿ ಕೊಟ್ಟು 'ಬಂಗಾರದಂಗ ಇರೋಣ' ಅಂದುಕೊಂಡ ಮೇಲೆ ಗೌರಿ ಹುಣ್ಣಿಮೆಯವರೆಗೆ ಒಂದು ತಿಂಗಳ ಮೇಲೆ ಸ್ವಲ್ಪ ದಿನ ಸಿಗುತ್ತವೆ. ಆ ದಿನಗಳಲ್ಲಿ ಇಟಗಿಯಿಂದ ಆನೆಗೊಂದಿಯವರೆಗೆ ಸಾವಕಾಶ ಬನ್ನಿ. ಅಷ್ಟರಲ್ಲಿ ಮೂರು ಥರದ ನೆಲ ಕಾಣುತ್ತದೆ. ನೆಲ ಬದಲಾದ ಹಾಗೆ ಬೆಳೆ ಬದಲಾಗುತ್ತದೆ, ಊಟ ಬದಲಾಗುತ್ತದೆ, ಜನರ ಕಸುಬು ಬದಲಾಗುತ್ತದೆ. ನಮ್ಮ ಹಳೆಯ ಊರುಗಳನ್ನು ಅವುಗಳ ಹೊಲದ ಜೊತೆಗೇ ನೋಡಬೇಕು. ಗುಡಿ ಒಂದನ್ನೇ ನೋಡಿ ಬಂದರೆ ಅರ್ಧ ನೋಡಿದ ಹಾಗೆ.

ಮೊದಲು ಇಟಗಿ. ಇಲ್ಲಿಂದಲೇ ಯಾಕೆ ಅಂದರೆ, ಅದು ಎರೆ ಸೀಮೆ. ಸುತ್ತ ಕಣ್ಣು ಹಾಯಿಸಿದಷ್ಟು ಕರಿ ನೆಲ. ಎರೆ ಮಣ್ಣಿಗೆ ಒಂದು ಗುಣ ಇದೆ. ಉತ್ತರಿ, ಹಸ್ತ, ಚಿತ್ತಿ ಮಳೆಗಳ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಆ ಹಸಿಯಲ್ಲಿ, ಚಳಿಗಾಲದ ಇಬ್ಬನಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ಅಕ್ಟೋಬರಿನಲ್ಲಿ ನೀವು ಹೋದರೆ ಒಂದು ಹೊಲದಲ್ಲಿ ಕೂರಿಗೆ ನಡೆಯುತ್ತಿರುತ್ತದೆ, ಪಕ್ಕದ ಹೊಲದಲ್ಲಿ ಜೋಳ ಗೇಣುದ್ದ ಎದ್ದಿರುತ್ತದೆ, ಬದುವಿನ ಆಚೆ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಇನ್ನೊಂದು ಕಡೆ ಹೆಣ್ಣುಮಕ್ಕಳು ಉಳ್ಳಾಗಡ್ಡಿ ಕಿತ್ತು ರಾಶಿ ಹಾಕುತ್ತಿರುತ್ತಾರೆ. ಮುಂಗಾರಿನ ಕೊಯ್ಲು, ಹಿಂಗಾರಿನ ಬಿತ್ತನೆ ಎರಡನ್ನೂ ಒಂದೇ ದಿನ ನೋಡಲು ಸಿಗುವುದು ಈಗ ಮಾತ್ರ.

ಈ ಕರಿ ನೆಲದ ನಡುವೆ ಇಟಗಿಯ ಮಹಾದೇವ ದೇವಾಲಯ ನಿಂತಿದೆ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇದನ್ನು ಕಟ್ಟಿಸಿದ. ವರ್ಷ 1112. ಅಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಹೊಗಳಿಕೆ ಜಾಸ್ತಿ ಆಯಿತೇನೋ ಅನ್ನಿಸಬಹುದು. ಒಳಗೆ ಹೋಗಿ ಬಾಗಿಲವಾಡದ ಮುಂದೆ ನಿಂತು ನೋಡಿ, ಆಮೇಲೆ ಹೇಳಿ. ಬಳಪದ ಕಲ್ಲು ಮೆತ್ತಗಿನದು, ಅದರಲ್ಲಿ ಉಳಿ ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿದೆ. ಕಂಬಗಳನ್ನು ಮುಟ್ಟಿದರೆ ಈಗಲೂ ನುಣುಪು. ತೆರೆದ ಮಂಟಪದಲ್ಲಿ ಸುಮ್ನೆ ಅರ್ಧ ತಾಸು ಕೂತು ಪುಷ್ಕರಿಣಿಯ ಕಡೆ ನೋಡಿ.

ಇಷ್ಟು ದೊಡ್ಡ ಕೆಲಸ ಇಷ್ಟು ಸಣ್ಣ ಹಳ್ಳಿಯಲ್ಲಿ ಹೇಗೆ ಬಂತು ಅಂತ ಬಂದವರೆಲ್ಲ ಕೇಳುತ್ತಾರೆ. ನನಗೆ ಉತ್ತರ ಹೊರಗಿನ ಹೊಲದಲ್ಲೇ ಕಾಣುತ್ತದೆ. ಆ ಕಾಲದ ಗುಡಿಗಳು ನಡೆದದ್ದು ದತ್ತಿ ಬಿಟ್ಟ ಭೂಮಿಯ ಹುಟ್ಟುವಳಿಯಿಂದ. ಪೂಜೆ, ಓದುವ ಮಕ್ಕಳ ಊಟ, ಗುಡಿಯ ರಿಪೇರಿ, ಎಲ್ಲದಕ್ಕೂ ಹೊಲವೇ ಆಧಾರ. ಜೋಳ ಬೆಳೆದವರ ಬೆವರು ಆ ಗೋಪುರದಲ್ಲಿ ಸೇರಿದೆ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅದಕ್ಕೇ ಗುಡಿಯಿಂದ ಹೊರಬಂದ ಮೇಲೆ ಹೊಲವನ್ನೂ ಅಷ್ಟೇ ಗೌರವದಿಂದ ನೋಡಿ ಅನ್ನುತ್ತೇನೆ.

ಇಟಗಿಯಿಂದ ಏಳೆಂಟು ಕಿಲೋಮೀಟರ್ ಬಂದರೆ ಕುಕನೂರು. ಇಲ್ಲಿನ ನವಲಿಂಗ ದೇವಾಲಯ ಇನ್ನೂ ಹಳೆಯದು, ರಾಷ್ಟ್ರಕೂಟರ ಕಾಲ, 9ನೇ ಶತಮಾನ. ಒಂಬತ್ತು ಗರ್ಭಗುಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಅದೇ ಆವರಣದಲ್ಲಿ ಮಹಾಮಾಯೆಯ ಗುಡಿ. ಇಟಗಿಯಲ್ಲಿ ನೀವು ನೋಡುವವರು, ಇಲ್ಲಿ ಬೇಡಿಕೊಳ್ಳುವವರ ನಡುವೆ ನಿಂತಿರುತ್ತೀರಿ. ಅದೇ 9ನೇ ಶತಮಾನದಲ್ಲಿ ಬಂದ 'ಕವಿರಾಜಮಾರ್ಗ' ತಿರುಳುಗನ್ನಡದ, ಅಂದರೆ ಅಚ್ಚ ಕನ್ನಡದ ನಾಡನ್ನು ಗುರುತಿಸುವಾಗ ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಆ ಕೊಪಣವೇ ನಮ್ಮ ಕೊಪ್ಪಳ. ಕುಕನೂರಿನ ಸಂತೆಯಲ್ಲಿ ಕಿವಿಗೆ ಬೀಳುವ ಮಾತನ್ನು 'ಒರಟು ಭಾಷೆ' ಅನ್ನುವವರಿದ್ದಾರೆ. ಅಂಥವರಿಗೆ ಈ ನಾಲ್ಕು ಹೆಸರು ಹೇಳಿ.

ಸೀಗಿ ಹುಣ್ಣಿಮೆಯ ದಿನ ಈ ಭಾಗದಲ್ಲಿ ಇದ್ದರೆ ನಿಮ್ಮ ಪುಣ್ಯ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಯನ್ನು ಪೂಜಿಸಿ ಚರಗ ಚೆಲ್ಲುತ್ತಾರೆ, ಅಂದರೆ ನೈವೇದ್ಯದ ಅಡುಗೆಯನ್ನು ಹೊಲದಲ್ಲಿ ಎರಚುತ್ತಾರೆ. ಆಮೇಲೆ ಅಲ್ಲೇ ಊಟ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ದಾರಿಹೋಕರನ್ನು 'ಬರ್ರಿ, ಉಂಡು ಹೋಗ್ರಿ' ಅಂತ ಕರೆಯುತ್ತಾರೆ. ಕರೆದರೆ ಹೋಗಿ, ಸಂಕೋಚ ಬೇಡ. ಆದರೆ ಫೋಟೋ ತೆಗೆಯುವ ಮುಂಚೆ ಕೇಳಿ.

ದಾರಿಯ ಬಗ್ಗೆ ಒಂದು ಮಾತು. ಈ ದಿನಗಳಲ್ಲಿ ರೈತರು ಮೆಕ್ಕೆಜೋಳವನ್ನು ರಸ್ತೆಯ ಅಂಚಿನಲ್ಲಿ ಒಣಹಾಕಿರುತ್ತಾರೆ. ಕಣ ಕಡಿಮೆಯಾಗಿದೆ, ಅವರಿಗೆ ಬೇರೆ ಜಾಗ ಇಲ್ಲ. ಆ ರಾಶಿಯ ಪಕ್ಕ ಜೋರಾಗಿ ಓಡಿಸಬೇಡಿ, ಅದರ ಮೇಲೆ ಅಂತೂ ಹತ್ತಿಸಲೇಬೇಡಿ. ಕತ್ತಲಾದ ಮೇಲೆ ಅದು ಕಾಣುವುದಿಲ್ಲ. ಗುರುತಿಗೆ ಇಟ್ಟ ಕಲ್ಲೂ ಕಾಣುವುದಿಲ್ಲ. ಹಾಗಾಗಿ ಹಗಲಲ್ಲೇ ಪ್ರಯಾಣ ಮುಗಿಸಿ.

ಕೊಪ್ಪಳದ ಕಡೆ ಬಂದ ಹಾಗೆ ಕರಿ ನೆಲ ಹೋಗಿ ಮಸಾರಿ ಬರುತ್ತದೆ. ಕೆಂಪು ಮಣ್ಣು, ಗುಂಡುಕಲ್ಲಿನ ಗುಡ್ಡಗಳು. ಇಲ್ಲಿ ಕಿನ್ನಾಳಕ್ಕೆ ತಿರುಗಿಕೊಳ್ಳಿ. ಚಿತ್ರಗಾರರ ಓಣಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹಗುರವಾದ ಮರದಲ್ಲಿ ಗೊಂಬೆ ಕೆತ್ತಿ, ಮರದ ಪುಡಿ, ಸೆಣಬಿನ ಚಿಂದಿ, ಹುಣಸೆಬೀಜದ ಅಂಟು ಕಲಸಿದ 'ಕಿಟ್ಟ' ಮೆತ್ತಿ ರೂಪ ಕೊಡುತ್ತಾರೆ. ಆಮೇಲೆ ಬಣ್ಣ. ಕಾಮಧೇನು, ಗರುಡ, ಗೌರಿ ಎಲ್ಲವೂ ಹೀಗೆ ಹುಟ್ಟುತ್ತವೆ. ಕಿನ್ನಾಳ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಂತೋಷದ ವಿಷಯವೇ. ಆದರೆ ಮಾನ್ಯತೆಯಿಂದ ಒಲೆ ಉರಿಯುವುದಿಲ್ಲ, ಗೊಂಬೆ ಮಾರಾಟವಾದರೆ ಉರಿಯುತ್ತದೆ. ದಯವಿಟ್ಟು ಚೌಕಾಸಿ ಮಾಡಬೇಡಿ. ಒಂದು ಸಣ್ಣ ಗೊಂಬೆಯನ್ನಾದರೂ ಮಾಡಿದವರ ಕೈಯಿಂದಲೇ ಕೊಳ್ಳಿ.

ಕೊಪ್ಪಳ ಊರಿನಲ್ಲಿ ಗವಿಮಠದ ಜಾತ್ರೆ ಎಲ್ಲರಿಗೂ ಗೊತ್ತು. ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರ ವರ್ಷಕ್ಕೂ ಹಳೆಯದು. ಸಂಜೆ ಹೊತ್ತಿಗೆ ಹತ್ತಿ ನೋಡಿ.

ಎರಡನೇ ದಿನ ಹುಲಿಗಿ, ಶಿವಪುರ, ಸಾಣಾಪುರದ ದಾರಿ ಹಿಡಿಯಿರಿ. ಇಲ್ಲಿ ನೆಲ ಮತ್ತೆ ಬದಲಾಗುತ್ತದೆ. ಒಂದು ಪಕ್ಕ ಬಂಡೆಗಳ ಗುಡ್ಡ, ಇನ್ನೊಂದು ಪಕ್ಕ ಭತ್ತದ ಗದ್ದೆ, ಬಾಳೆ, ತೆಂಗು. ಈ ಹಸಿರಿಗೆ ಎರಡು ಕಾಲದ ನೀರು ಸೇರಿದೆ. ಒಂದು ವಿಜಯನಗರ ಕಾಲದ ಕಾಲುವೆಗಳದು, ಅವು ಇವತ್ತಿಗೂ ಹರಿಯುತ್ತಿವೆ. ಇನ್ನೊಂದು 1953ರಲ್ಲಿ ನೀರು ಬಿಡಲು ಶುರುವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ನಾಲೆಯದು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿ ಸೀಮೆಯ ರೈತರಿಗೆ ನಿದ್ದೆ ಇರಲಿಲ್ಲ. ನಾಟಿ ಮಾಡಿದ ಭತ್ತ ಒಣಗಿ ಹೋದರೆ ಏನು ಗತಿ ಅನ್ನುವ ಭಯ. ಆ ಹಸಿರು ನೋಡುವಾಗ ಇದೂ ನೆನಪಿರಲಿ.

ಆನೆಗೊಂದಿಯನ್ನು ನಡೆದು ನೋಡಬೇಕು. ಗಗನಮಹಲ್, ರಂಗನಾಥನ ಗುಡಿ, ಹೊಳೆಯ ದಡ. ಬಾಳೆ ನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಹೆಣ್ಣುಮಕ್ಕಳು ಇಲ್ಲಿದ್ದಾರೆ. ನಡುಗಡ್ಡೆಯಲ್ಲಿರುವ, ಒಂಬತ್ತು ಮಾಧ್ವ ಯತಿಗಳ ಸಮಾಧಿಗಳ ನವಬೃಂದಾವನಕ್ಕೆ ಹೋಗುವ ಆಸೆ ಇದ್ದವರು ಮೊದಲೇ ವಿಚಾರಿಸಿ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ದೋಣಿ ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ದುಡ್ಡು ಜಾಸ್ತಿ ಕೊಡುತ್ತೇನೆ ಅಂತ ಒತ್ತಾಯ ಮಾಡುವುದು ಬೇಡ. ಹೊಳೆ ಎಲ್ಲರಿಗೂ ಒಂದೇ.

'ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು' ಅನ್ನುತ್ತಾರೆ ನಮ್ಮ ಹಿರಿಯರು. ಸಮಯ ಇದ್ದರೆ ಗಂಗಾವತಿಯಿಂದ ಕನಕಗಿರಿಗೂ ಹೋಗಿ ಬನ್ನಿ. ಕನಕಾಚಲಪತಿ ಗುಡಿ ನೋಡಿದ ಮೇಲೆ ಆ ಮಾತು ಸುಳ್ಳಲ್ಲ ಅನ್ನಿಸುತ್ತದೆ. ಆದರೆ ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಹಿರೇಬೆಣಕಲ್ ಅನ್ನುತ್ತೇನೆ.

ಗಂಗಾವತಿ ಹತ್ತಿರದ ಈ ಊರಿನ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾಸಮಾಧಿಗಳಿವೆ. ನಾಲ್ಕೂ ಕಡೆ ಕಲ್ಲಿನ ಚಪ್ಪಡಿ, ಮೇಲೊಂದು ಚಪ್ಪಡಿ. ಕೆಲವಕ್ಕೆ ಗುಂಡನೆಯ ಕಿಂಡಿ. ಊರವರು ಇವನ್ನು 'ಮೋರ್ಯರ ಮನೆ' ಅನ್ನುತ್ತಾರೆ. ಅಶೋಕನಿಗಿಂತ ಎಷ್ಟೋ ಮುಂಚೆ ಇಲ್ಲಿ ಕಲ್ಲು ಎಬ್ಬಿಸುವ ಕೆಲಸ ಶುರುವಾಗಿತ್ತು. ಕಲ್ಲು ಎಬ್ಬಿಸಿದ ತಗ್ಗಿನಲ್ಲಿ ನಿಂತ ನೀರೇ ಅಲ್ಲಿನ ಕೆರೆ, ಮಳೆಗಾಲ ಮುಗಿದ ಈ ದಿನಗಳಲ್ಲಿ ಅದು ತುಂಬಿರುತ್ತದೆ. ಬಂಡೆಯ ಮೇಲೊಂದು ಕಲ್ಲಿನ ನಗಾರಿ ಇದೆ, ಬಡಿದರೆ ಸದ್ದು ದೂರ ಹೋಗುತ್ತದೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಅಲ್ಲಿಂದ ಕೆಳಗೆ ನೋಡಿದರೆ ಗಂಗಾವತಿ ಸೀಮೆಯ ಭತ್ತವೆಲ್ಲ ಕಾಣುತ್ತದೆ. ಹೊಲ ಮಾಡುತ್ತಾ, ಸತ್ತವರಿಗೆ ಮನೆ ಕಟ್ಟುತ್ತಾ ಬದುಕಿದ ಆ ಜನರೇ ನಮ್ಮ ಈ ದಾರಿಯ ಮೊದಲಿಗರು ಅಲ್ವಾ?

ಬೆಳಿಗ್ಗೆ ಬೇಗ ಹತ್ತಿ, ಬಿಸಿಲು ಏರಿದರೆ ಬಂಡೆ ಕಾಯುತ್ತದೆ. ನೀರು ಒಯ್ಯಿರಿ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ದಾರಿ ತಪ್ಪುವುದು ಸುಲಭ. ಅವರ ಆ ದಿನದ ಕೂಲಿ ಕೊಡಿ. ಸಮಾಧಿಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ.

ನವೆಂಬರ್ ದಾಟಿದರೆ ಭತ್ತದ ಕೊಯ್ಲು ಜೋರಾಗುತ್ತದೆ, ಗದ್ದೆ ಬರಿದಾಗುತ್ತಾ ಹೋಗುತ್ತದೆ. ಹಾಗಾಗಿ ಗೌರಿ ಹುಣ್ಣಿಮೆಯೊಳಗೆ ಹೊರಡಿ. ನಕ್ಷೆ ಬೇಕಾದವರು ಇಲ್ಲೇ ಮುಂದೆ ಬನ್ನಿ, ಯಾವ ಊರಲ್ಲಿ ಎಡಕ್ಕೆ, ಯಾವ ಊರಲ್ಲಿ ಬಲಕ್ಕೆ ಅಂತ ಬರೆದು ಕೊಡುತ್ತೇನೆ.