ಟೊಮೆಟೊ ಬಾಕ್ಸು, ಬ್ಯಾಸ್ಕೆಟ್‌ಬಾಲ್ ಸಂಬಳ

ಕೇಳುಗರಿಗೆ ನಮಸ್ಕಾರ.

ಮೊನ್ನೆ ಬೆಳಿಗ್ಗೆ ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಗೆಳೆಯನ ಜೊತೆ ಟೀ ಕುಡಿಯುತ್ತಾ ನಿಂತಿದ್ದೆ. ವೇಮಗಲ್ ಕಡೆಯವನು, ಟೊಮೆಟೊ ಬೆಳೆಯುತ್ತಾನೆ. ಹರಾಜು ಇನ್ನೂ ಅವನ ಸಾಲಿಗೆ ಬಂದಿರಲಿಲ್ಲ. ಮೊಬೈಲು ನೋಡುತ್ತಿದ್ದವನು ಥಟ್ಟನೆ ಕೇಳಿದ: "ಅಲ್ಲಯ್ಯಾ, ಚೆಂಡನ್ನ ರಿಂಗಿಗೆ ಹಾಕೋಕೆ ವರ್ಷಕ್ಕೆ 500 ಕೋಟೀನಾ?"

ಅವನು ನೋಡುತ್ತಿದ್ದದ್ದು ಸ್ಟೀಫನ್ ಕರಿ ಅನ್ನೋ ಬ್ಯಾಸ್ಕೆಟ್‌ಬಾಲ್ ಆಟಗಾರನ ಸಂಬಳ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ 2025-26ಕ್ಕೆ ಸುಮಾರು 5.96 ಕೋಟಿ ಡಾಲರ್. ನಮ್ಮ ದುಡ್ಡಲ್ಲಿ 500 ಕೋಟಿಗೂ ಮೇಲೆ. ಒಂದು ತಂಡಕ್ಕೆ ಸೀಸನ್ನಿಗೆ 82 ಲೀಗ್ ಪಂದ್ಯ. ಪಂದ್ಯಕ್ಕೆ ಆರು ಕೋಟಿ ಬಿತ್ತು. ನಾನೂ ಕಾಲೇಜಿನಲ್ಲಿ ಬಲೆಯಿಲ್ಲದ ರಿಂಗಿಗೆ ಚೆಂಡು ಎಸೆದವನೇ. ಗೆದ್ದಾಗ ಸಿಕ್ಕಿದ್ದು ತಲೆಗೊಂದು ಸ್ಟೀಲ್ ಲೋಟ. ಇವತ್ತಿಗೂ ಅದರಲ್ಲೇ ಮಜ್ಜಿಗೆ ಕುಡಿಯುತ್ತೇನೆ.

ಗೆಳೆಯನನ್ನೇ ಕೇಳಿದೆ. "2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2000 ರೂಪಾಯಿ ದಾಟಿತಲ್ಲ, ಆ ವರ್ಷ ನೀನು ಜಾಸ್ತಿ ಗೇದಿದ್ದೆಯಾ?" ನಕ್ಕುಬಿಟ್ಟ. ಅದೇ ಹೊಲ, ಅದೇ ಕಡ್ಡಿ ಕಟ್ಟುವ ಕೆಲಸ, ಅದೇ ಔಷಧಿ ಖರ್ಚು. ರೇಟು ಬಿದ್ದ ವರ್ಷ ಇದೇ ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗಿದ್ದೂ ಉಂಟು. ರೇಟು ಬಂದಾಗ ಪೇಟೆಯವರು ಬೈದುಕೊಂಡರು, "ಇವರಿಗೆ ಇಷ್ಟು ದುಡ್ಡಾ?" ಅಂತ. ಸುರಿದಾಗ ಮಾತ್ರ ಯಾರೂ ಅವನ ಯೋಗ್ಯತೆಯ ಲೆಕ್ಕ ಹಾಕಲಿಲ್ಲ.

ಹಾಗಂತ ಆಟಗಾರರ ಸಂಬಳ ಬರೀ ಮಾರುಕಟ್ಟೆ ರೇಟೂ ಅಲ್ಲ. ಅದು ಹೆಚ್ಚುಕಡಿಮೆ ನಮ್ಮ ಕಡೆ ಜಮೀನನ್ನು ಕೋರಿಗೆ ಕೊಡುತ್ತಾರಲ್ಲ, ಹಾಗೆ. ಬೆಳೆದದ್ದರಲ್ಲಿ ಅರ್ಧ ನಿನಗೆ, ಅರ್ಧ ನನಗೆ. ಲೀಗಿನ ಆದಾಯದಲ್ಲಿ ಅರ್ಧದಷ್ಟು ಆಟಗಾರರಿಗೆ ಅಂತ ಕರಾರೇ ಇದೆ. 2025ರಲ್ಲಿ ಶುರುವಾದ ಟಿವಿ ಒಪ್ಪಂದ ಒಂದೇ 11 ವರ್ಷಕ್ಕೆ 7,600 ಕೋಟಿ ಡಾಲರ್. ಹಂಚಿಕೊಳ್ಳುವವರು 30 ತಂಡಗಳ ನಾನೂರೈವತ್ತು ಚಿಲ್ಲರೆ ಜನ. ಕರಿ ಸಂಬಳ ಬಿಟ್ಟುಕೊಟ್ಟರೆ ಆ ದುಡ್ಡು ಮೇಷ್ಟರಿಗೋ ನರ್ಸಮ್ಮನಿಗೋ ಹೋಗುವುದಿಲ್ಲ. ಉಳಿದ ಆಟಗಾರರಿಗೋ ತಂಡದ ಮಾಲೀಕರ ಜೇಬಿಗೋ ಹೋಗುತ್ತೆ, ಅಷ್ಟೇ.

ಈ ಪಾಲು ಸುಮ್ನೆ ಬಂದದ್ದೂ ಅಲ್ಲ. 1964ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಆಲ್-ಸ್ಟಾರ್ ಪಂದ್ಯ, ಅಂದರೆ ಲೀಗಿನ ಆಯ್ದ ಆಟಗಾರರ ಪಂದ್ಯ. ಟಿವಿಯವರು ಕ್ಯಾಮೆರಾ ಇಟ್ಟುಕೊಂಡು ಕಾಯುತ್ತಿದ್ದಾರೆ. ಆಟಗಾರರು ಡ್ರೆಸ್ಸಿಂಗ್ ರೂಮಿನಿಂದ ಆಚೆಗೇ ಬರಲಿಲ್ಲ. ಪಿಂಚಣಿಯ ಮಾತು ಕೊಟ್ಟರೆ ಮಾತ್ರ ಆಡುತ್ತೇವೆ ಅಂದರು. ಮಾತು ಸಿಕ್ಕಿತು, ಆಮೇಲೆ ಆಡಿದರು. ಆಸ್ಕರ್ ರಾಬರ್ಟ್‌ಸನ್ ಅನ್ನೋ ಆಟಗಾರ 1970ರಲ್ಲಿ ಲೀಗಿನ ಮೇಲೆ ಕೋರ್ಟಿಗೆ ಹೋದ. 1976ರಲ್ಲಿ ರಾಜಿಯಾಯಿತು. ಕರಾರು ಮುಗಿದ ಆಟಗಾರ ಬೇರೆ ತಂಡದ ಜೊತೆ ಚೌಕಾಸಿ ಮಾಡುವ ದಾರಿ ತೆರೆದದ್ದು ಹಾಗೆ.

ಪಾಲು ಗಟ್ಟಿಯಾಗಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಹೆಣ್ಣುಮಕ್ಕಳ ಲೀಗು ನೋಡಿ. 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಆಟ ನೋಡಲು ಜನ ಮುಗಿಬಿದ್ದರು. ಆ ಮೊದಲ ವರ್ಷ ಅವಳ ಲೀಗ್ ಸಂಬಳ 76,535 ಡಾಲರ್. ಕರಿಗೆ ಒಂದು ಪಂದ್ಯಕ್ಕೆ ಬೀಳುವುದರ ಹತ್ತರಲ್ಲೊಂದು ಪಾಲು! ಜಾಹೀರಾತಿನಲ್ಲಿ ಅವಳಿಗೆ ಬೇರೆ ದುಡ್ಡು ಬಂತು, ನಿಜ. ಆದರೆ ನನಗೆ ಅನ್ಯಾಯ ಕಂಡದ್ದು ಇಲ್ಲಿ, ಕರಿಯ 500 ಕೋಟಿಯಲ್ಲಲ್ಲ.

ಗೆಳೆಯ ಇಷ್ಟನ್ನೂ ಅರ್ಧಂಬರ್ಧ ಕಿವಿಗೆ ಹಾಕಿಕೊಂಡ. ಕಣ್ಣೆಲ್ಲ ಹರಾಜಿನ ಕಡೆ. ಆಮೇಲೆ ಕೇಳಿದ: "ಕಾಲು ಮುರಿದರೆ?"

ಅದೇ ಎನ್‌ಬಿಎ ಆಟಗಾರ ಜೇಸನ್ ಟೇಟಮ್ ಕಥೆ ಹೇಳಿದೆ. 2025ರ ಮೇ ತಿಂಗಳಲ್ಲಿ ಆಡುವಾಗಲೇ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಹೋಯಿತು. ಆದರೂ ಮುಂದಿನ ಸೀಸನ್ನಿನ 5.4 ಕೋಟಿ ಡಾಲರಿಗೆ ಧಕ್ಕೆಯಾಗಲಿಲ್ಲ. ಕರಾರು ಅಂದರೆ ಕರಾರು.

"ಆಡದೇ ಇದ್ರೂನಾ?"

"ಆಡದೇ ಇದ್ರೂ."

ಗೆಳೆಯ ಲೋಟ ಕೆಳಗಿಟ್ಟ. "ಹೋದ ಸಲ ಆಲಿಕಲ್ಲು ಬಿದ್ದಾಗ ನನಗೆ ಇಂಥದ್ದೊಂದು ಕಾಗದ ಇದ್ದಿದ್ದರೆ ಸಾಕಾಗಿತ್ತು ಕಣಯ್ಯಾ," ಅಂದ. ಅಷ್ಟರಲ್ಲಿ ಹರಾಜು ಕೂಗುವವನು ಅವನ ಬಾಕ್ಸುಗಳ ಮುಂದೆ ಬಂದು ನಿಂತಿದ್ದ. ಟೀ ದುಡ್ಡು ನೀನೇ ಕೊಡು ಅಂತ ಸನ್ನೆ ಮಾಡಿ ಆ ಕಡೆ ಓಡಿದ.

ನಮಸ್ಕಾರ.