ಒಂದೇ ಹೊತ್ತಿಗೆ ಕೂರುವುದು: ಮನೆಯಲ್ಲಿ ಆಟ, ಸಂಗೀತ ಕಛೇರಿ ನೋಡುವ ಕೂಟಗಳ ಕುರಿತು

ಆತ್ಮೀಯರೇ,

ನಾಟಕವನ್ನೂ ಸಂಗೀತವನ್ನೂ ಮನೆಗೇ ತರಿಸಿಕೊಳ್ಳುವ ಆಸೆ ಕೊರೊನಾ ಕಾಲದಲ್ಲಿ ಹುಟ್ಟಿದ್ದೆಂದು ನಾವು ಭಾವಿಸುವುದುಂಟು. ಅದು ಹೆಚ್ಚುಕಡಿಮೆ ಟೆಲಿಫೋನಿನಷ್ಟೇ ಹಳೆಯದು. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ವಸ್ತುಪ್ರದರ್ಶನದ ಸಮಯದಲ್ಲಿ ಕ್ಲೆಮಾಂ ಅಡೆರ್ ಎಂಬ ಎಂಜಿನಿಯರ್ ಅಲ್ಲಿನ ಒಪೆರಾ ಮಂದಿರದ ವೇದಿಕೆಯ ಅಂಚಿಗೆ ಟೆಲಿಫೋನ್ ಪ್ರೇಷಕಗಳನ್ನು ಸಾಲಾಗಿ ಜೋಡಿಸಿ, ಹಾಡನ್ನು ತಂತಿಯ ಮೂಲಕ ದೂರದ ಕೋಣೆಗಳಲ್ಲಿ ಕಾದಿದ್ದವರ ಎರಡೂ ಕಿವಿಗಳಿಗೆ ಮುಟ್ಟಿಸಿದರು. 1895ರಲ್ಲಿ ಲಂಡನ್ನಿನಲ್ಲಿ ಶುರುವಾದ ಎಲೆಕ್ಟ್ರೋಫೋನ್ ಸೇವೆಯಲ್ಲಂತೂ ಚಂದಾದಾರರ ಮನೆಮಂದಿ ಒಂದು ಮೇಜಿನ ಸುತ್ತ ಕುಳಿತು, ತಲೆಗೊಂದು ಶ್ರವಣಸಾಧನ ಸಿಕ್ಕಿಸಿಕೊಂಡು, ರಂಗಮಂದಿರದ ನಾಟಕವನ್ನು ಕೇಳುತ್ತಿದ್ದರು. ಎಲ್ಲರೂ ಒಟ್ಟಿಗಿದ್ದಾರೆ, ಆದರೆ ಕಿವಿಗಳು ಮುಚ್ಚಿರುವುದರಿಂದ ಪಕ್ಕದವರಿಗೆ ‘ಭೇಷ್’ ಅನ್ನುವಂತಿಲ್ಲ! ನಾನು ಇಂದು ಮಾತನಾಡಬೇಕೆಂದಿರುವುದು ಈ ತೊಡಕಿನ ಬಗ್ಗೆಯೇ: ಪ್ರದರ್ಶನ ಮನೆಗೆ ಬಂದೀತು, ಸಭೆ ಬರುವುದು ಹೇಗೆ?

2006ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ, 2009ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ತಮ್ಮ ಪ್ರಯೋಗಗಳನ್ನು ಚಿತ್ರಮಂದಿರಗಳಿಗೆ ನೇರವಾಗಿ ಕಳುಹಿಸತೊಡಗಿದಾಗ ಈ ಪ್ರಶ್ನೆ ಏಳಲಿಲ್ಲ, ಏಕೆಂದರೆ ಟಿಕೆಟ್ಟು, ಕುರ್ಚಿ, ಕತ್ತಲೆ ಎಲ್ಲವೂ ಅಲ್ಲಿ ಸಿದ್ಧವಿದ್ದವು. 2020ರ ಏಪ್ರಿಲ್ 2ರಿಂದ ನ್ಯಾಷನಲ್ ಥಿಯೇಟರ್ ತನ್ನ ನಾಟಕಗಳ ಚಿತ್ರೀಕರಣಗಳನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ತೋರಿಸಿದಾಗ ಮಾಡಿದ ಒಂದು ಏರ್ಪಾಡು ನನಗೆ ಬಹಳ ಜಾಣತನದ್ದೆನಿಸುತ್ತದೆ. ನಾಟಕ ಒಂದು ವಾರ ಸಿಗುತ್ತಿತ್ತಾದರೂ ಆರಂಭ ಮಾತ್ರ ಗುರುವಾರ ಸಂಜೆ ಏಳಕ್ಕೇ. ನಮ್ಮಲ್ಲಿ ಅದು ರಾತ್ರಿ ಹನ್ನೊಂದೂವರೆ. ಮೊದಲೇ ಚಿತ್ರೀಕರಿಸಿಟ್ಟ ನಾಟಕಕ್ಕೆ ಗಂಟೆಯ ಹಂಗೇಕೆ ಎಂದು ಕೇಳಬಹುದು. ಆ ಹಂಗಿದ್ದುದರಿಂದಲೇ ನಾವು ಆರು ಜನ ಶಿವಮೊಗ್ಗದ ಒಂದು ಪಡಸಾಲೆಯಲ್ಲಿ ಕಾಫಿಯ ಫ್ಲಾಸ್ಕ್ ಇಟ್ಟುಕೊಂಡು ನಿದ್ದೆಗೆಟ್ಟು ಕೂತೆವು.

ಅಂದಿನಿಂದ ನಮ್ಮ ಕೂಟಕ್ಕೆ ಒಂದೇ ಕಟ್ಟುಪಾಡು. ಆಟ ಶುರುವಾದೊಡನೆ ರಿಮೋಟನ್ನು ಫ್ರಿಜ್ಜಿನ ಮೇಲಿಡಬೇಕು. ಬಾಗಿಲು ತಟ್ಟಿದರೂ, ಕುಕ್ಕರ್ ಕೂಗಿದರೂ ಚಿತ್ರ ನಿಲ್ಲಿಸುವಂತಿಲ್ಲ. ಎದ್ದುಹೋದವರಿಗೆ ಆ ದೃಶ್ಯ ತಪ್ಪಿಹೋಯಿತು, ಅಷ್ಟೆ. ರಂಗಮಂದಿರದಲ್ಲಾದರೆ ನಟರು ನಮಗಾಗಿ ಕಾಯುತ್ತಿದ್ದರೇ?

ಕ್ಯಾಮೆರಾದ ವಿಷಯದಲ್ಲಿ ನಮ್ಮೊಳಗೆ ಜಗಳ ಇನ್ನೂ ಮುಗಿದಿಲ್ಲ. ಏಳೆಂಟು ಕ್ಯಾಮೆರಾಗಳ ಅಚ್ಚುಕಟ್ಟಾದ ಚಿತ್ರೀಕರಣ ನಾವು ಎತ್ತ ನೋಡಬೇಕೆಂಬುದನ್ನು ತಾನೇ ತೀರ್ಮಾನಿಸಿಬಿಡುತ್ತದೆ. ಕಛೇರಿಯಲ್ಲಿ ಗಾಯಕರ ಮುಖವನ್ನೇ ತೋರಿಸುತ್ತಿರುವಾಗ, ಅದೇ ಕ್ಷಣ ಪಿಟೀಲಿನವರು ಮೃದಂಗದವರತ್ತ ಬೀರಿದ ನೋಟ ನಮಗೆ ದಕ್ಕುವುದಿಲ್ಲ. ಇದಕ್ಕೆ ಹೋಲಿಸಿದರೆ, ಕರಾವಳಿಯ ಯಾವುದೋ ಗದ್ದೆಯಲ್ಲಿ ನಡೆಯುವ ಯಕ್ಷಗಾನವನ್ನು ಒಂದೇ ಕ್ಯಾಮೆರಾ ನಿಲ್ಲಿಸಿ ಬಿತ್ತರಿಸುವವರು, ಬಡತನದಿಂದಲೋ ಸೋಮಾರಿತನದಿಂದಲೋ, ನಮಗೆ ಹೆಚ್ಚಿನ ಸ್ವಾತಂತ್ರ್ಯ ಕೊಡುತ್ತಾರೆ. ಇಡೀ ರಂಗಸ್ಥಳ ಕಣ್ಣೆದುರಿಗಿರುತ್ತದೆ. ವೇಷಧಾರಿ ಅರ್ಥ ಹೇಳುವಾಗ ಹಿಂದೆ ಚಂಡೆಯವರು ಬಾರು ಬಿಗಿಮಾಡುವುದನ್ನೂ ನೋಡಬಹುದು.

ಶಬ್ದದ ಸಂಕಟ ಬೇರೆಯದು. ಒಮ್ಮೆ ವೀಡಿಯೊ ಕರೆಯ ಮೂಲಕ ನಮ್ಮ ಟಿವಿಯ ಕಛೇರಿಯನ್ನು ಬೇರೆ ಊರಿನ ಗೆಳೆಯರಿಗೆ ಕೇಳಿಸಹೋಗಿ ಪೆಚ್ಚಾದೆವು. ಆ ತಂತ್ರಾಂಶಕ್ಕೆ ಎಡೆಬಿಡದ ನಾದವೆಂದರೆ ಫ್ಯಾನಿನ ಸದ್ದು; ಆದ್ದರಿಂದ ತಂಬೂರಿಯನ್ನು ಅಳಿಸಿಹಾಕಿ, ಮಾತಿನಂತೆ ತೋರಿದ್ದನ್ನು ಮಾತ್ರ ದಾಟಿಸಿತು. ಶ್ರುತಿಯಿಲ್ಲದ ಆಲಾಪನೆಯನ್ನು ಅವರು ಐದು ನಿಮಿಷ ಸಹಿಸಿದರು. ಈಗ ಪ್ರತಿ ಮನೆಯವರೂ ಮೂಲ ಪ್ರಸಾರವನ್ನೇ ಹಾಕಿಕೊಂಡು, ಮಾತಿಗಷ್ಟೇ ವಾಟ್ಸಾಪ್ ಬಳಸುತ್ತೇವೆ.

ಅಲ್ಲಿಯೂ ಒಂದು ಪೇಚು ಇದೆ. ನೇರಪ್ರಸಾರವೆನ್ನುವುದು ಪೂರ್ತಿ ನೇರವಲ್ಲ. ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕಳುಹಿಸುತ್ತಾರೆ. ಜಾಲ ತಡವರಿಸಿದರೂ ಚಿತ್ರ ನಿಲ್ಲದಿರಲೆಂದು ಟಿವಿ ಒಂದಷ್ಟು ತುಣುಕುಗಳನ್ನು ಮೊದಲೇ ದಾಸ್ತಾನು ಮಾಡಿಕೊಂಡು ಆಮೇಲೆ ತೋರಿಸತೊಡಗುತ್ತದೆ. ಎರಡು ಮನೆಗಳ ದಾಸ್ತಾನು ಒಂದೇ ಅಳತೆಯದಾಗಿರುವುದಿಲ್ಲವಾದ್ದರಿಂದ, ಕಛೇರಿಯ ನಡುವೆ ಮೃದಂಗದವರು ತಾವೇ ನುಡಿಸುವ ತನಿಯಾವರ್ತನದ ಮುಕ್ತಾಯ ನಮಗೆ ಕೇಳುವ ಮೊದಲೇ ಮೈಸೂರಿನಿಂದ ‘ಆಹಾ’ ಬಂದು ಬೀಳುತ್ತಿತ್ತು.

ನಮ್ಮ ಕೂಟದಲ್ಲಿ ಎಲ್ಲರಿಗಿಂತ ಹಿಂದೆ ಉಳಿಯುವವನು ಮಸ್ಕತ್ತಿನಲ್ಲಿರುವ ನನ್ನ ಸೋದರಮಾವನ ಮಗ, ಸುಮಾರು ಅರ್ಧ ನಿಮಿಷದಷ್ಟು. ಹಾಗಾಗಿ ಈಗ ಯಕ್ಷಗಾನದ ರಾತ್ರಿಗಳಲ್ಲಿ ಭಾಗವತರು ಮಂಗಳ ಹಾಡಿ ಮುಗಿಸಿದರೂ ನಾವಿಲ್ಲಿ ಯಾರೂ ಏನನ್ನೂ ಬರೆಯುವುದಿಲ್ಲ, ಟಿವಿಯನ್ನೂ ಆರಿಸುವುದಿಲ್ಲ. ಖಾಲಿ ರಂಗಸ್ಥಳವನ್ನು ನೋಡುತ್ತ, ಅವನಲ್ಲಿಯೂ ಚಂಡೆ ನಿಂತು ‘ಮುಗಿಯಿತು ಮಾರಾಯ್ರೆ’ ಎಂಬ ಸಾಲು ಬರುವವರೆಗೆ ಕೂತಿರುತ್ತೇವೆ.