ಸೋತ ಕೈಗೆ ಮೊದಲ ತೋಳು

ಕೇಳುಗರಿಗೆ ನಮಸ್ಕಾರ. ಪಾರ್ಶ್ವವಾಯು ಬಡಿದು ಒಂದು ಕೈ ಸೋತವರು ಅಂಗಿ ತೊಡುವಾಗ ಅಭ್ಯಾಸಬಲದಿಂದ ಗಟ್ಟಿ ಕೈಯನ್ನೇ ಮೊದಲು ತೂರಿಸುತ್ತಾರೆ. ಅಲ್ಲಿಗೆ ಅಂಗಿ ಬೆನ್ನಿನ ಮೇಲೆ ಬಿಗಿದು ನಿಂತಿತು. ಸೋತ ಕೈಯನ್ನು ಹಿಂದಕ್ಕೆ ತಿರುಚದೆ ಅಂಗಿಯ ಎರಡನೇ ತೋಳು ಏರುವುದಿಲ್ಲ. ಮನೆಯವರು ಪಾಪ ಅಂತ ಆ ಕೈ ಹಿಡಿದು ಜಗ್ಗುತ್ತಾರೆ. ಸ್ನಾಯುಗಳ ಬಿಗಿ ಕಳೆದುಕೊಂಡ ಭುಜದ ಕೀಲು ಜಾರುತ್ತದೆ, ನೋವು ಶುರುವಾಗುತ್ತದೆ.

ಅಮೆರಿಕದ ಪುನರ್ವಸತಿ ಕೇಂದ್ರಗಳಲ್ಲಿ ಇಂಥ ಕೆಲಸವನ್ನು ಪಕ್ಕದಲ್ಲೇ ಕೂತು ಕಲಿಸುವವರಲ್ಲಿ ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಚಿಕಿತ್ಸೆಯ ಅಸಿಸ್ಟೆಂಟರೂ ಇರುತ್ತಾರೆ. ಮೊದಲು ರೋಗಿ ನೆಟ್ಟಗೆ ಕೂರಬೇಕು, ಎರಡೂ ಪಾದ ನೆಲಕ್ಕೆ ಊರಿರಬೇಕು. ಅಂಗಿಯ ಒಳಮೈ ಮೇಲೆ ಬರುವಂತೆ ತೊಡೆಯ ಮೇಲೆ ಹರಡಿ, ಸೋತ ಕೈಯನ್ನು ತೋಳಿನೊಳಗೆ ಇಳಿಸಬೇಕು. ತೋಳನ್ನು ಮೊಣಕೈ ದಾಟಿಸಿ ಭುಜದವರೆಗೂ ಏರಿಸಿಕೊಂಡೇ ಮುಂದಕ್ಕೆ ಹೋಗಬೇಕು. ಬಹಳ ಮಂದಿ ಎಡವುವುದು ಇಲ್ಲೇ: ಮೊಣಕೈಯಿಂದ ಕೆಳಗೇ ಬಿಟ್ಟರೆ, ಕಾಲರನ್ನು ಕತ್ತಿನ ಹಿಂದಿನಿಂದ ಸುತ್ತಿ ತರುವಷ್ಟರಲ್ಲಿ ತೋಳು ಪೂರ್ತಿ ಕಳಚಿರುತ್ತದೆ. ಆಮೇಲೆ ಗಟ್ಟಿ ಕೈ. ಗುಂಡಿ ಕೆಳಗಿನಿಂದ, ಕಣ್ಣಿಗೆ ಕಾಣುವ ಕಡೆಯಿಂದ ಹಾಕುತ್ತಾ ಬರಬೇಕು. ಬಿಚ್ಚುವಾಗ ಗಟ್ಟಿ ಕೈ ಮೊದಲು.

ಇದರಲ್ಲಿ ಅಸಿಸ್ಟೆಂಟರಿಗೆ ಕಷ್ಟವಾದದ್ದು ಸುಮ್ಮನೆ ಕೂರುವುದು. ತಾವೇ ತೊಡಿಸಿದರೆ ಎರಡು ನಿಮಿಷದ ಕೆಲಸ. ರೋಗಿ ಮಾಡಿದರೆ ಇಪ್ಪತ್ತು ನಿಮಿಷವೂ ಆಗಬಹುದು. ಆದರೆ ಬಳಸದೇ ಬಿಟ್ಟ ಕೈಯನ್ನು ಮೆದುಳೂ ಮರೆಯುತ್ತಾ ಹೋಗುತ್ತದೆ. ಎಷ್ಟು ನೆರವು ಕೊಟ್ಟೆ ಎಂಬುದಕ್ಕೂ ಲೆಕ್ಕವಿದೆ. ಕೆಲಸದ ಮುಕ್ಕಾಲು ಭಾಗ ಅಥವಾ ಹೆಚ್ಚು ರೋಗಿಯೇ ಮಾಡಿದರೆ ಕನಿಷ್ಠ ನೆರವು, ಅರ್ಧದಿಂದ ಮುಕ್ಕಾಲರೊಳಗಾದರೆ ಮಧ್ಯಮ, ಕಾಲು ಭಾಗದಿಂದ ಅರ್ಧದೊಳಗಾದರೆ ಗರಿಷ್ಠ. 'ಸಹಾಯ ಮಾಡಲಾಯಿತು' ಎಂದಷ್ಟೇ ಬರೆದ ದಾಖಲೆಯಿಂದ ನಾಳೆ ಬರುವವರಿಗೆ ಏನೂ ತಿಳಿಯದು.

ರೋಗಿಯನ್ನು ಪರೀಕ್ಷಿಸಿ ಗುರಿ, ಯೋಜನೆ ನಿರ್ಧರಿಸುವ ಹೊಣೆ ಥೆರಪಿಸ್ಟರದು. ಅಸಿಸ್ಟೆಂಟರು ಅವರ ಮೇಲ್ವಿಚಾರಣೆಯಲ್ಲಿ ಅದನ್ನು ನಡೆಸುತ್ತಾರೆ. ಗುಂಡಿಯ ಬದಲು ವೆಲ್ಕ್ರೋ ಇರುವ ಅಂಗಿ ಕೊಡಬಹುದು, ಗುರಿ ಬದಲಿಸುವಂತಿಲ್ಲ. ಕೈ ಹೊಸದಾಗಿ ಊದಿತ್ತೇ, ಭುಜದ ನೋವು ಹೆಚ್ಚಿತೇ, ಕೆಲಸ ನಿಲ್ಲಿಸಿ ಥೆರಪಿಸ್ಟರಿಗೆ ತಿಳಿಸಬೇಕು.

ಅಸಿಸ್ಟೆಂಟರ ಓದು ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಪದವಿ. ಅದು ಮಾನ್ಯತೆ ಪಡೆದ ಕೋರ್ಸೇ ಆಗಿರಬೇಕು, ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ. ಓದಿನ ಭಾಗವಾಗಿ ಪೂರ್ಣಾವಧಿಯ 16 ವಾರ ಕ್ಷೇತ್ರಾನುಭವ ಪಡೆಯಬೇಕು. ನಂತರ ನಾಲ್ಕು ಗಂಟೆಯ ರಾಷ್ಟ್ರೀಯ ಪರೀಕ್ಷೆ. 300ರಿಂದ 600ರವರೆಗಿನ ಅಳತೆಯಲ್ಲಿ 450 ಬಂದರೆ ಪಾಸು. ಅದಾದ ಮೇಲೆ ಕೆಲಸ ಮಾಡುವ ರಾಜ್ಯದ ಪರವಾನಗಿ ಬೇಕು.

ಹಣದ ಮಾತೂ ಒಂದಿದೆ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, 2022ರಿಂದ ಹೊರರೋಗಿ ಚಿಕಿತ್ಸೆಯಲ್ಲಿ ಅಸಿಸ್ಟೆಂಟರು ಕೊಟ್ಟ ಸೇವೆಗೆ ನಿಗದಿತ ದರದ ಶೇ. 85 ಮಾತ್ರ ಪಾವತಿಸುತ್ತಿದೆ. ಹಾಕಿಸುವ ಗುಂಡಿ ಅದೇ. ದರ ಮಾತ್ರ ಕಡಿಮೆ.